ಗ್ರಾಫನ್ನು ಓದುವ ಬಗೆ

ನಮ್ಮ ಊರು ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಳೆದ ಬೇಸಗೆ ರಜದಲ್ಲಿ ತಂದೆಯವರು ನನ್ನ ಅರ್ಥಶಾಸ್ತ್ರದ ನೋಟು ಪುಸ್ತಕವನ್ನು ತಿರುವುತ್ತ, ಬಾಗಿದ ಗೆರೆಯೊಂದನ್ನು ತೋರಿಸಿ, “ಇದ್ಯಾವ ಗುಡ್ಡ ಬರ್ದಿದೀಯಲೇ?” ಎಂದು ಕೇಳಿದರು. ಅದು ಹಾಕಿದ ಗೊಬ್ಬರಕ್ಕೂ ಬಂದ ಇಳುವರಿಗೂ ಇರುವ ಸಂಬಂಧದ ಗ್ರಾಫು. ನನಗೆ ನಗು ಬಂದಿತು. ಆದರೆ ಗೆರೆ ಏಕೆ ಬಾಗಿದೆಯೆಂದು ಅವರು ಕೇಳಿದಾಗ ಉತ್ತರ ಹೊಳೆಯಲಿಲ್ಲ. ಪರೀಕ್ಷೆಯಲ್ಲಿ ಅದೇ ಗೆರೆಗೆ ಪೂರ್ಣ ಅಂಕ ಪಡೆದವನು ನಾನು!

ಅಂದು ಸಂಜೆ ಹಿತ್ತಿಲಲ್ಲಿ ಒಂದು ಪ್ರಯೋಗ ಮಾಡಿದೆ. ಖಾಲಿ ಎಣ್ಣೆ ಡಬ್ಬಕ್ಕೆ ಒಂದೊಂದೇ ಚೊಂಬು ನೀರು ಸುರಿದು, ಪ್ರತಿ ಸಲವೂ ನೀರಿನ ಎತ್ತರವನ್ನು ಅಳೆದೆ. ಚೊಂಬಿನ ಲೆಕ್ಕವನ್ನು ಅಡ್ಡಗೆರೆಯ ಮೇಲೂ ಎತ್ತರವನ್ನು ನಿಲುವುಗೆರೆಯ ಮೇಲೂ ಗುರುತಿಸಿದಾಗ ಚುಕ್ಕೆಗಳು ನೇರ ಸಾಲಾಗಿ ನಿಂತವು. ಬಾಂಡ್ಲಿಯಲ್ಲಿ ಹಾಗಾಗಲಿಲ್ಲ. ಮೊದಲ ಚೊಂಬಿಗೆ ನೀರು ಥಟ್ಟನೆ ಏರಿತು. ಮೇಲೆ ಅಗಲವಾದಂತೆಲ್ಲ ಅದೇ ಚೊಂಬಿಗೆ ಏರಿಕೆ ಕಡಿಮೆಯಾಗಿ ಗೆರೆ ಬಾಗಿತು. ಕೊಡದಲ್ಲಿಯಾದರೋ ಕತ್ತಿನ ಬಳಿ ಗೆರೆ ಕಡಿದಾಗಿ ಮೇಲೆದ್ದಿತು. “ಕುಡ್ಯಾಕೇ ನೀರಿಲ್ಲ, ಇವ್ನಿಗೆ ಆಟ” ಎಂದು ತಾಯಿಯವರು ಗದರಿದ ಕಾರಣ ಪ್ರಯೋಗ ಅಲ್ಲಿಗೇ ನಿಂತಿತು.

ಬಾಂಡ್ಲಿಯ ಗ್ರಾಫು ಬಾಂಡ್ಲಿಯ ಚಿತ್ರವಲ್ಲ. ‘ಇಷ್ಟು ಸುರಿದರೆ ಎಷ್ಟು ಎತ್ತರ?’ ಎಂಬ ಪ್ರಶ್ನೆಗೆ ಅದು ಉತ್ತರ. ಪ್ರತಿಯೊಂದು ‘ಇಷ್ಟ’ಕ್ಕೂ ಒಂದೇ ಒಂದು ‘ಎಷ್ಟು’ ಇರುವುದಾದರೆ ಅಂಥ ಸಂಬಂಧವನ್ನು ಫಂಕ್ಷನ್ ಎನ್ನುತ್ತಾರೆ. ಗೆರೆಯ ಎತ್ತರ ಈಗ ನೀರು ಎಲ್ಲಿದೆಯೆಂದು ತಿಳಿಸಿದರೆ, ಅದರ ಓರೆ ಮುಂದಿನ ಚೊಂಬಿಗೆ ಎಷ್ಟು ಏರೀತೆಂದು ತಿಳಿಸುತ್ತದೆ. ಇವೆರಡನ್ನೂ ನಾನು ಒಂದೇ ಎಂದು ಭಾವಿಸಿದ್ದೆ.

1907ರಲ್ಲಿ ವೇದಾವತಿಗೆ ಕಟ್ಟಿ ಮುಗಿಸಿದ ಮಾರಿಕಣಿವೆಯೂ ಒಂದು ದೊಡ್ಡ ಬಾಂಡ್ಲಿಯೇ. ಅಲ್ಲಿ ತಳದ ಒಂದಡಿಗಿಂತ ಮೇಲಿನ ಒಂದಡಿಗೆ ಬಹಳ ಹೆಚ್ಚು ನೀರು ಬೇಕು. 1933ರ ಬಳಿಕ 2022ರ ಸೆಪ್ಟೆಂಬರಿನಲ್ಲಿ ಅದು 130 ಅಡಿ ತುಂಬಿ ಕೋಡಿ ಬಿದ್ದಿತು. ಕೋಡಿ ಬಿದ್ದ ಮೇಲೆ ನೀರು ಬರುತ್ತಲೇ ಇದ್ದರೂ ಗೆರೆ ಹೆಚ್ಚುಕಡಿಮೆ ಮಲಗಿಬಿಡುತ್ತದೆ. (ಕೋಡಿಯ ಮೇಲೆ ಹರಿಯುವ ನೀರಿಗೂ ತುಸು ಎತ್ತರವುಂಟು, ಆದ್ದರಿಂದ ‘ಹೆಚ್ಚುಕಡಿಮೆ’ ಎಂದೆ.)

ಇಷ್ಟನ್ನು ಕೇಳಿದ ತಂದೆಯವರು ನೋಟು ಪುಸ್ತಕದ ಗೆರೆಗೆ ಮರಳಿದರು. “ಹಂಗಾರೆ ಮೊದ್ಲ ಚೀಲ ಗೊಬ್ರ ಕೊಟ್ಟಷ್ಟು ಮೂರ್ನೇ ಚೀಲ ಕೊಡಲ್ಲ. ನಮ್ಮ ಹೊಲ್ದಾಗೆ ಎಲ್ಲಿ ಬಾಗ್ತೈತೆ?” ಎಂದರು. ಪುಸ್ತಕದ ಗೆರೆಗೆ ಅಂಕಿಗಳೇ ಇರಲಿಲ್ಲ. ಆದುದರಿಂದ ಮುಂಗಾರಿನಲ್ಲಿ ಶೇಂಗಾ ಹೊಲವನ್ನು ನಾಲ್ಕು ಪಟ್ಟೆ ಮಾಡಿ, ಒಂದಕ್ಕೆ ಏನೂ ಹಾಕದೆ, ಉಳಿದವಕ್ಕೆ ಏರಿಕೆಯ ಅಳತೆಯಲ್ಲಿ ಗೊಬ್ಬರ ಹಾಕಿದೆವು.

ಕಾಯಿ ಕಿತ್ತು ತೂಗಿದಾಗ ನಾಲ್ಕು ಚುಕ್ಕೆಗಳೂ ಬಹುತೇಕ ಒಂದೇ ಎತ್ತರದಲ್ಲಿ ನಿಂತವು. ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟಿತ್ತು. ‘ಇತರ ಅಂಶಗಳು ಬದಲಾಗದಿದ್ದರೆ’ ಎಂದು ಪಠ್ಯದಲ್ಲಿದ್ದ ಮಾತನ್ನು ಪರೀಕ್ಷೆಯಲ್ಲಿ ನಾನು ಬರೆದೇ ಇರಲಿಲ್ಲ. ಯಾರೂ ಅದಕ್ಕೆ ಅಂಕ ಕಳೆದಿರಲೂ ಇಲ್ಲ. ತಂದೆಯವರು ಹಾಳೆಯನ್ನು ಬಹಳ ಹೊತ್ತು ನೋಡಿ, “ಮಳಿಗೆ ಎಲ್ಲೈತೋ ಗೆರೆ?” ಎಂದು ಕೇಳಿದರು.