ಉಳಿಯ ಗುರುತಿದ್ದ ಬಟ್ಟಲಿಗೆ ಬಹುಮಾನ ಏಕೆ?

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಹವ್ಯಾಸಿ ಮರಗೆಲಸಗಾರರ ಪ್ರದರ್ಶನ ನೋಡಿದೆ. ಮುಖ ಕಾಣುವಷ್ಟು ಹೊಳೆಯುತ್ತಿದ್ದ ಪೆಟ್ಟಿಗೆಗೆ ಏನೂ ಸಿಕ್ಕಿರಲಿಲ್ಲ. ಮೈತುಂಬ ಉಳಿಯ ಗುರುತಿದ್ದ ಬಟ್ಟಲಿಗೆ ಬಹುಮಾನ ಬಂದಿತ್ತು. ಅವರು ಒಳ್ಳೆಯ ಕೆಲಸವನ್ನು ವಿಂಗಡಿಸುವುದು, ಅಳೆಯುವುದು ಹೇಗೆ? ಯಂತ್ರ ಬಳಸಿದರೆ ಅಂಕ ಕಡಿಮೆಯೇ?
– ಓದುಗರೊಬ್ಬರು, ಸಾಗರ

ಉತ್ತರ: ಗುಡಿಗಾರರ ಗಂಧದ ಕೆತ್ತನೆ ಕಂಡು ಬೆಳೆದ ಊರಿನವರು ನೀವು. ಮರದ ಕೆಲಸದಲ್ಲಿ ನಯವೇ ಗುಣ ಎಂದು ನಿಮ್ಮ ಕಣ್ಣು ಕಲಿತಿದ್ದರೆ ಅದು ಸಹಜ. ಅದರಿಂದಾಗಿಯೇ ಆ ಬಟ್ಟಲು ನಿಮ್ಮನ್ನು ತಡೆದು ನಿಲ್ಲಿಸಿದೆ. ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು, ಒಂದೊಂದಾಗಿ ನೋಡೋಣ.

ಪೆಟ್ಟಿಗೆಯೂ ಬಟ್ಟಲೂ ಬಹುಶಃ ಒಂದಕ್ಕೊಂದು ಸ್ಪರ್ಧಿಗಳೇ ಆಗಿರಲಿಲ್ಲ ಎಂಬುದನ್ನು ಮೊದಲು ಗಮನಿಸಿ. ಇಂಥ ಪ್ರದರ್ಶನಗಳಲ್ಲಿ ತೀರ್ಪಿಗೆ ಮುಂಚೆ ವಿಂಗಡಣೆ ನಡೆಯುತ್ತದೆ. ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ಸ್ಯಾನ್ ಡಿಯಾಗೊ ಕೌಂಟಿಯ ವಾರ್ಷಿಕ ಜಾತ್ರೆ ನಡೆಯುತ್ತದಲ್ಲ, ಅಲ್ಲಿನ ‘ಡಿಸೈನ್ ಇನ್ ವುಡ್’ ಎಂಬ ಸ್ಪರ್ಧೆಯಲ್ಲಿ ಪೀಠೋಪಕರಣ, ಗಡಿಯಾರ, ವಾದ್ಯ, ಲೇತ್‌ನಲ್ಲಿ ಕಡೆದ ವಸ್ತು, ಕೆತ್ತನೆ, ತೆಳುಹಾಳೆಗಳನ್ನು ಅಂಟಿಸಿದ ಚಿತ್ರ, ಮಕ್ಕಳ ವಸ್ತು ಹೀಗೆ ಬೇರೆ ಬೇರೆ ವರ್ಗಗಳಿವೆ. ಪೀಠೋಪಕರಣದಲ್ಲಿಯೂ ಸಾಂಪ್ರದಾಯಿಕ ಶೈಲಿಯದು ಬೇರೆ, ಆಧುನಿಕ ಶೈಲಿಯದು ಬೇರೆ. ಪಿಟೀಲನ್ನೂ ಕುರ್ಚಿಯನ್ನೂ ಒಂದೇ ಪಟ್ಟಿ ಹಿಡಿದು ನೋಡಲಾಗದು ಎಂಬುದು ಇದರ ಹಿಂದಿನ ತಿಳಿವಳಿಕೆ.

ಕೆಲವೆಡೆ ವಸ್ತುವಿನ ಜೊತೆಗೆ ಮಾಡಿದವರ ಅನುಭವವನ್ನೂ ವಿಂಗಡಿಸುತ್ತಾರೆ. ಮೇರಿಲ್ಯಾಂಡ್ ರಾಜ್ಯದಲ್ಲಿ 1971ರಲ್ಲಿ ಶುರುವಾದ ‘ವಾರ್ಡ್’ ವಿಶ್ವ ಸ್ಪರ್ಧೆ ಮರದ ಹಕ್ಕಿಗಳದ್ದು. ಕ್ರಿಸ್‌ಫೀಲ್ಡ್ ಎಂಬ ಊರಿನಲ್ಲಿ ಕ್ಷೌರದ ಕೆಲಸ ಮಾಡುತ್ತಲೇ ಮರದ ಬಾತುಗಳನ್ನು ಕೆತ್ತುತ್ತಿದ್ದ ಲೆಮ್ ಮತ್ತು ಸ್ಟೀವ್ ವಾರ್ಡ್ ಸಹೋದರರ ಹೆಸರು ಅದಕ್ಕೆ. ಅಲ್ಲಿ ಹೊಸಬರು, ಮಧ್ಯಮರು, ನುರಿತವರು, ವಿಶ್ವಮಟ್ಟದವರು ಎಂಬ ಮೆಟ್ಟಿಲುಗಳಿವೆ. ಬೇಟೆಯಲ್ಲಿ ನಿಜ ಬಾತುಗಳನ್ನು ಸೆಳೆಯಲು ಬಳಸುವ ಮರದ ಬಾತಿನ ವರ್ಗವಾದರೆ ಅದನ್ನು ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟೇ ಪರೀಕ್ಷೆ. ಮಗುಚಿ ಹಾಕಿದಾಗ ತಾನಾಗಿ ನೆಟ್ಟಗಾಗಬೇಕು, ಜೀವಂತ ಬಾತು ಕೂರುವ ಹಾಗೆಯೇ ನೀರಿನಲ್ಲಿ ಕೂರಬೇಕು. ಗರಿ ಎಷ್ಟೇ ಚೆನ್ನಾಗಿ ಕೆತ್ತಿರಲಿ, ಒಂದು ಪಕ್ಕಕ್ಕೆ ವಾಲಿತೋ, ಹಿಂದೆ ಬಿತ್ತು. ಶೋಕೇಸಿಗಾಗಿ ಮಾಡಿದ ಹಕ್ಕಿಗೆ ಈ ಪರೀಕ್ಷೆಯೇ ಇಲ್ಲ.

ವರ್ಗ ಬದಲಾದರೆ ದೋಷವೇ ಗುಣವಾಗುವುದೂ ಉಂಟು. ಜಾರ್ಜ್ ನಾಕಾಶಿಮಾ (1905–1990) ಎಂಬ ಜಪಾನಿ ಮೂಲದ ಅಮೆರಿಕನ್ ಕುಶಲಕರ್ಮಿಯ ಮೇಜುಗಳನ್ನು ನೋಡಿ. ಹಲಗೆಯಲ್ಲಿ ದೊಡ್ಡ ಬಿರುಕು ಇರುತ್ತದೆ. ಅವರು ಅದನ್ನು ಮುಚ್ಚಿಲ್ಲ. ಚಿಟ್ಟೆಯಾಕಾರದ ಮರದ ತುಂಡನ್ನು ಬಿರುಕಿಗೆ ಅಡ್ಡಲಾಗಿ ಕೂರಿಸಿ ಅದು ಮುಂದೆ ಸೀಳದಂತೆ ಮಾಡಿ, ಎಲ್ಲರಿಗೂ ಕಾಣುವಂತೆ ಬಿಟ್ಟಿದ್ದಾರೆ. (1930ರ ದಶಕದಲ್ಲಿ ಇವರು ಪುದುಚೇರಿಯ ಅರವಿಂದಾಶ್ರಮದಲ್ಲಿದ್ದರು, 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂದು ಪೀಠೋಪಕರಣ ರೂಪಿಸಿದ್ದರು.) ಇದೇ ಬಿರುಕು ಹದಿನೆಂಟನೆಯ ಶತಮಾನದ ಮಾದರಿಯ ಬೀರುವಿನ ಬಾಗಿಲಲ್ಲಿ ಕಂಡರೆ ತೀರ್ಪುಗಾರರು ಅಲ್ಲಿಯೇ ಪೆನ್ನು ನಿಲ್ಲಿಸುತ್ತಾರೆ.

ವರ್ಗ ತಿಳಿದ ಮೇಲೆ ಕೆಲಸವನ್ನು ಅಳೆಯುವುದು ಹೇಗೆ? ಜಾಣ ತೀರ್ಪುಗಾರರು ಮುಂಭಾಗವನ್ನು ಕೊನೆಗೆ ನೋಡುತ್ತಾರೆ. ಡ್ರಾಯರನ್ನು ಪೂರ್ತಿ ಹೊರಗೆಳೆದು ತಿರುಗಿಸಿ ಹಿಡಿಯುತ್ತಾರೆ. ಮೂಲೆಯಲ್ಲಿ ಎರಡು ಹಲಗೆಗಳು ಹಲ್ಲು ಹಲ್ಲಾಗಿ ಕೂಡಿರುವ ಡವ್‌ಟೇಲ್ ಜೋಡಣೆ ಇದ್ದರೆ, ಹಲ್ಲುಗಳ ಸಂದಿನಲ್ಲಿ ಮರದ ಪುಡಿ ಮತ್ತು ಅಂಟು ಕಲಸಿ ತುಂಬಿದ್ದಾರೆಯೇ, ಗರಗಸ ಗೆರೆ ದಾಟಿದೆಯೇ ಎಂದು ಪರೀಕ್ಷಿಸುತ್ತಾರೆ. ಡ್ರಾಯರನ್ನು ಮೆಲ್ಲಗೆ ಒಳಗೆ ತಳ್ಳಿದಾಗ ಪಕ್ಕದ ಡ್ರಾಯರು ಗಾಳಿಯ ಒತ್ತಡಕ್ಕೆ ಚೂರು ಮುಂದೆ ಬಂದರೆ ಮಾಡಿದವರ ಕೈಗೆ ಪೂರ್ಣ ಅಂಕ. ಇನ್ನು ಡ್ರಾಯರಿನ ತಳದ ಅಡಿಭಾಗ ಒರಟಾಗಿದ್ದರೆ ಅದನ್ನು ತಪ್ಪೆಂದು ಎಲ್ಲರೂ ಎಣಿಸುವುದಿಲ್ಲ. ಹದಿನೆಂಟನೆಯ ಶತಮಾನದ ಫಿಲಡೆಲ್ಫಿಯಾದ ಬಡಗಿಗಳು ಕಾಣದ ಮೈಯನ್ನು ಹತ್ತರಿಯ ಗೀರುಗಳೊಂದಿಗೆ ಹಾಗೆಯೇ ಬಿಡುತ್ತಿದ್ದರು. ಈಗಿನ ಹವ್ಯಾಸಿಗಳಲ್ಲಿ ಹಲವರು ಅಲ್ಲಿಯೂ ಉಜ್ಜಿ ನಯಮಾಡುತ್ತಾರೆ. ಇದು ಅವರ ಪ್ರೀತಿ. ಆದರೆ ಅದಿಲ್ಲದ ಕೆಲಸವನ್ನು ಕೀಳೆನ್ನುವುದು ನ್ಯಾಯವಲ್ಲ ಎಂದು ನನ್ನ ಅಭಿಪ್ರಾಯ.

ನುರಿತವರು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುವ ವಿಷಯ, ಹೊರಗಿನವರ ಕಣ್ಣಿಗೆ ಬೀಳದ್ದು, ಒಂದಿದೆ. ಮರ ಕಡಿದು ಎಷ್ಟು ವರ್ಷವಾದರೂ ಗಾಳಿಯ ತೇವಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಈ ಏರಿಳಿತ ಎಳೆಗೆ ಅಡ್ಡವಾಗಿ ನಡೆಯುತ್ತದೆ. ಎಳೆಯ ಉದ್ದಕ್ಕೆ ಅದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಹಸಿ ಮರ ಪೂರ್ತಿ ಒಣಗುವಾಗ ತೇಗ ವಾರ್ಷಿಕ ಉಂಗುರಗಳ ಗುಂಟ ಸುಮಾರು ಶೇ. 5.8ರಷ್ಟು, ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು ಶೇ. 2.5ರಷ್ಟು ಕುಗ್ಗುತ್ತದೆ. ತೇಗ ಸ್ಥಿರ ಮರವೆಂದೇ ಹೆಸರಾದದ್ದು. ಆದರೂ 40 ಸೆಂ.ಮೀ. ಅಗಲದ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ಎರಡು ಮೂರು ಮಿಲಿಮೀಟರ್ ವ್ಯತ್ಯಾಸವಾದೀತು. ಅದಕ್ಕೇ ಬಾಗಿಲ ಚೌಕಟ್ಟಿನೊಳಗಿನ ಹಲಗೆಯನ್ನು ಅಂಟಿಸದೆ ತೋಡಿದ ಸಂದಿನಲ್ಲಿ ಸಡಿಲವಾಗಿ ಕೂರಿಸುತ್ತಾರೆ. ಮೇಜಿನ ಮೇಲ್ಹಲಗೆಯನ್ನು ಬಿಗಿಯುವ ಸ್ಕ್ರೂಗಳ ತೂತನ್ನು ಉದ್ದಕ್ಕೆ ಕೊರೆದು ಅದು ಅತ್ತಿತ್ತ ಸರಿಯಲು ಜಾಗ ಬಿಡುತ್ತಾರೆ. ಚೌಕಟ್ಟಿಗೆ ಒಂದು ಕೂದಲೂ ತೂರದಂತೆ ಅಂಟಿಸಿದ ಹಲಗೆ ಪ್ರದರ್ಶನದ ದಿನ ಚೆಂದ ಕಾಣುತ್ತದೆ, ಎರಡು ಬೇಸಿಗೆಯಲ್ಲಿ ಸೀಳುತ್ತದೆ. ತೀರ್ಪುಗಾರರು ಸೀಳಲಿ ಎಂದು ಕಾಯುವುದಿಲ್ಲ. ಬಗ್ಗಿ ಅಡಿಗೆ ನೋಡಿ ಈಗಲೇ ಅಂಕ ಕಳೆಯುತ್ತಾರೆ. ಒಬ್ಬ ಹವ್ಯಾಸಿ ಮರವನ್ನು ಅರಿತಿದ್ದಾನೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ನಿಮ್ಮ ಹೊಳೆಯುವ ಪೆಟ್ಟಿಗೆಯ ವಿಷಯಕ್ಕೆ ಬರೋಣ. ಹೊಳಪು ದೋಷವಲ್ಲ. ಆದರೆ ಹೊಳಪು ಎಲ್ಲವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಅಂಥ ಮೈಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಎಳೆಗೆ ಅಡ್ಡಲಾದ ಸ್ಯಾಂಡ್‌ಪೇಪರಿನ ಗೀರುಗಳು, ಅಂಟು ಒರೆಸದೇ ಉಳಿದು ಪಾಲಿಶ್ ಹಿಡಿಯದ ಮಸುಕು ಕಲೆಗಳು ಎದ್ದು ಕಾಣುತ್ತವೆ. ಎಳೆಗಳು ಮುಚ್ಚಳದಿಂದ ಪಕ್ಕಕ್ಕೆ ಮುಂದುವರಿದಿವೆಯೇ ಅಥವಾ ಕೈಗೆ ಸಿಕ್ಕ ಹಲಗೆಗಳನ್ನು ಸೇರಿಸಿದ್ದಾರೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಬಟ್ಟಲಿನ ವಿಷಯಕ್ಕೆ ಇಂಗ್ಲೆಂಡಿನ ಡೇವಿಡ್ ಪೈ (1914–1993) ನೆರವಾಗುತ್ತಾರೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಪೀಠೋಪಕರಣ ವಿನ್ಯಾಸದ ಪ್ರಾಧ್ಯಾಪಕರಾಗಿದ್ದ ಇವರು 1968ರಲ್ಲಿ ‘ದಿ ನೇಚರ್ ಅಂಡ್ ಆರ್ಟ್ ಆಫ್ ವರ್ಕ್‌ಮನ್‌ಶಿಪ್’ ಎಂಬ ಪುಸ್ತಕ ಬರೆದರು. ಅದರಲ್ಲಿ ಅವರು ಕೆಲಸವನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಕೆಲಸ ನಡೆಯುತ್ತಿರುವಷ್ಟೂ ಹೊತ್ತು ಕೆಡುವ ಸಾಧ್ಯತೆ ಇರುವುದು ಒಂದು ಬಗೆ. ಫಲಿತಾಂಶ ಮೊದಲೇ ನಿಶ್ಚಯವಾಗಿರುವುದು ಇನ್ನೊಂದು ಬಗೆ. ಪೆನ್ನಿನಲ್ಲಿ ಬರೆಯುವುದಕ್ಕೂ ಮುದ್ರಣಕ್ಕೂ ಇರುವ ವ್ಯತ್ಯಾಸದಂತೆ ಎಂದು ಅವರೇ ವಿವರಿಸುತ್ತಾರೆ. ಬಟ್ಟಲಿನ ಮೈಮೇಲಿನ ಒಂದೊಂದು ಉಳಿಗೆರೆಯೂ ಮೊದಲ ಬಗೆಯದು. ಗೆರೆಗಳ ನಡುವಿನ ಅಂತರ, ಆಳ ಒಂದು ಲಯದಲ್ಲಿದ್ದು, ಎಲ್ಲಿಯೂ ನಾರು ಕಿತ್ತಿರದಿದ್ದರೆ, ಉಳಿ ಚೂಪಾಗಿತ್ತು, ಕೈ ಅಳುಕಲಿಲ್ಲ ಎಂದು ಅರ್ಥ. ಆಮೇಲೆ ಉಜ್ಜಿ ಸರಿಪಡಿಸಲು ಅಲ್ಲಿ ಅವಕಾಶವಿಲ್ಲ. ನೀವು ಕಂಡ ಗುರುತುಗಳು ಬೇಕೆಂದೇ ಬಿಟ್ಟವು. ಅಜಾಗರೂಕತೆಯಿಂದ ಉಳಿದ ಗುರುತಿಗೆ ಯಾರೂ ಬಹುಮಾನ ಕೊಡುವುದಿಲ್ಲ. ಅದು ಎಲ್ಲೋ ಒಂದು ಕಡೆ ಒಂಟಿಯಾಗಿ ಬಿದ್ದಿರುತ್ತದೆ, ಸುಲಭವಾಗಿ ಸಿಕ್ಕಿಬೀಳುತ್ತದೆ.

ಇಲ್ಲೊಂದು ಗೊಂದಲ ಪರಿಹರಿಸಿಕೊಳ್ಳೋಣ. ಕೈಯಲ್ಲಿ ಮಾಡಿದ್ದು ಶ್ರೇಷ್ಠ, ಯಂತ್ರದಲ್ಲಿ ಮಾಡಿದ್ದು ಕನಿಷ್ಠ ಎಂದು ಪೈ ಹೇಳಲಿಲ್ಲ. ವಿದ್ಯುತ್ ಮೋಟಾರಿನ ಲೇತ್‌ನಲ್ಲಿ ತಿರುಗುವ ಮರಕ್ಕೆ ಕೈಯಲ್ಲಿ ಉಳಿ ಹಿಡಿದು ಆಕಾರ ಕೊಡುವಾಗ ಯಂತ್ರವೂ ಇದೆ, ಅಪಾಯವೂ ಇದೆ. ಒಂದು ಕ್ಷಣ ಉಳಿಯ ಕೋನ ತಪ್ಪಿದರೆ ಬಟ್ಟಲು ಹೋಯಿತು. ಕೈಯಿಂದಲೇ ತಿರುಗಿಸುವ ಬೈರಿಗೆಯನ್ನು ಅಚ್ಚಿನ ತೂತಿನ ಮೂಲಕ ಇಳಿಸುವಾಗ ಯಂತ್ರವಿಲ್ಲ, ತಪ್ಪಲು ಅವಕಾಶವೂ ಇಲ್ಲ. ಪೈ ಸ್ವತಃ ತಮ್ಮ ಬಟ್ಟಲುಗಳ ಮೇಲೆ ಗೆರೆ ಕೊರೆಯಲು ಉಳಿಗೆ ದಾರಿ ತೋರುವ ಸಾಧನವೊಂದನ್ನು ರಚಿಸಿಕೊಂಡು ಬಳಸಿದರು. ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಸಾಮಾನ್ಯವಾಗಿ ಇಲ್ಲ, ಯಂತ್ರ ಬಳಸಿದ ಕಾರಣಕ್ಕೆ ಅಂಕ ಹೋಗುವುದಿಲ್ಲ. ಹಲಗೆ ಸೀಳಲು, ದಪ್ಪ ಸಮಮಾಡಲು ಬಹುತೇಕ ಹವ್ಯಾಸಿಗಳು ಯಂತ್ರವನ್ನೇ ಬಳಸುತ್ತಾರೆ. ಕಂಪ್ಯೂಟರ್ ನಡೆಸುವ ಯಂತ್ರ ಕೊರೆದ ಕೆತ್ತನೆಯನ್ನು ಕೈಕೆತ್ತನೆಯೆಂದು ಹೇಳಿಕೊಂಡರೆ ಮಾತ್ರ ಅದು ಮೋಸ.

ಮುಂದಿನ ಸಲ ಹೋದಾಗ ಅನುಮತಿ ಕೇಳಿ ಒಂದು ಡ್ರಾಯರನ್ನು ಹೊರಗೆಳೆದು ಅಡಿಭಾಗ ನೋಡಿ, ಮಾಡಿದವರು ಹತ್ತಿರವಿದ್ದರೆ ಹಲಗೆ ಸರಿಯಲು ಎಲ್ಲಿ ಜಾಗ ಬಿಟ್ಟಿದ್ದೀರಿ ಎಂದು ಕೇಳಿ. ಇಂಥ ಪ್ರಶ್ನೆಗೆ ಮರಗೆಲಸದವರು ಬೇಸರಪಡುವುದಿಲ್ಲ, ಸಂತೋಷದಿಂದ ತೋರಿಸುತ್ತಾರೆ.