ಬೀಗ ಹಾಕಿದ ಅಗ್ನಿಶಾಮಕ ಠಾಣೆ

ಅಗ್ನಿಶಾಮಕ ಠಾಣೆಯೆಂದೊಡನೆ ಮುಂಬಯಿಯ ವಿದ್ಯಾರ್ಥಿಗಳಾದ ನಿಮ್ಮ ಕಣ್ಣೆದುರಿಗೆ ಕೆಂಪು ವಾಹನವೂ, ಹಗಲಿರುಳು ಸರದಿಯಂತೆ ಸನ್ನದ್ಧರಾಗಿರುವ ಸಿಬ್ಬಂದಿಯೂ ಬಂದು ನಿಲ್ಲುವುದು ಸಹಜ. ನೆರೆಹೊರೆಯ ಮರಾಠಿಗರು ಆ ವಾಹನವನ್ನು ‘ಬಂಬ’ ಎನ್ನುವುದನ್ನು ಕೇಳಿ ಕೇಳಿ ನಾವೂ ಮನೆಯಲ್ಲಿ ಹಾಗೆಯೇ ಕರೆಯತೊಡಗಿದ್ದೇವೆ. ಆದರೆ ಒಳಗೆ ಒಬ್ಬ ಮನುಷ್ಯನೂ ಇಲ್ಲದೆ, ಬಾಗಿಲಿಗೆ ಬೀಗ ಹಾಕಿಕೊಂಡು ನಿಂತಿದ್ದರೂ, ಕರೆ ಬಂದ ಕೆಲವೇ ನಿಮಿಷಗಳಲ್ಲಿ ಬೆಂಕಿಯತ್ತ ಹೊರಡಬಲ್ಲ ಠಾಣೆಗಳೂ ಉಂಟು. ಬ್ರಿಟನ್ನಿನ ಸಣ್ಣ ಪಟ್ಟಣಗಳಲ್ಲಿ ಇಂಥವೇ ಹೆಚ್ಚು. ಸ್ಕಾಟ್ಲೆಂಡಿನ ಸುಮಾರು 350 ಠಾಣೆಗಳಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕವು ಹೀಗೆ ಕರೆಗೆ ಓಗೊಟ್ಟು ಬರುವವರನ್ನೇ ನಂಬಿಕೊಂಡಿವೆ.

ಬರುವವರು ಯಾರು? ರೊಟ್ಟಿ ಸುಡುವವನು, ಮರಗೆಲಸದವನು, ಅಂಗಡಿಯಾಕೆ, ಶಾಲೆಯ ಕಾವಲುಗಾರ. ಇವರಿಗೆ ‘ರಿಟೈನ್ಡ್’ ಅಗ್ನಿಶಾಮಕರೆಂದು ಹೆಸರು. ವಕೀಲರಿಗೆ ಮುಂಗಡ ಕೊಟ್ಟು ಕಾಯ್ದಿರಿಸಿಕೊಳ್ಳುವಂತೆ, ಇವರಿಗೂ ವರ್ಷಕ್ಕಿಷ್ಟೆಂದು ಒಂದು ಮೊತ್ತವನ್ನು ಕೊಟ್ಟು, ಕರೆ ಬಂದಾಗ ಆ ಕೆಲಸಕ್ಕೆ ಬೇರೆ ಸಂಬಳ ಕೊಡುತ್ತಾರೆ. ವಾರಕ್ಕೊಂದು ಸಂಜೆ ಎರಡು ಮೂರು ಗಂಟೆಗಳ ಕಾಲ ಕವಾಯತು ತಪ್ಪದು.

ಇದು ಹೊಸ ಏರ್ಪಾಡೇನೂ ಅಲ್ಲ. 1824ರಲ್ಲಿ ಎಡಿನ್‌ಬರೋ ನಗರವು ಜೇಮ್ಸ್ ಬ್ರೇಡ್‌ವುಡ್ ಎಂಬ ತರುಣನ ಕೈಗೆ ಅಗ್ನಿಶಾಮಕ ದಳವನ್ನು ಒಪ್ಪಿಸಿತು. ಆತ ಆರಿಸಿಕೊಂಡದ್ದು ಕುಶಲಕರ್ಮಿಗಳನ್ನು. ಛಾವಣಿ ಹೊದಿಸುವವನಿಗೆ ಎತ್ತರದ ಅಂಜಿಕೆಯಿಲ್ಲ; ಬಡಗಿಗೂ ಗಾರೆಯವನಿಗೂ ಯಾವ ತೊಲೆ ಕುಸಿದೀತು, ಯಾವ ಗೋಡೆ ಬಿದ್ದೀತು ಎಂಬುದು ಗೊತ್ತು; ಕಮ್ಮಾರ ಕೆಟ್ಟ ಯಂತ್ರವನ್ನು ಸರಿಪಡಿಸಬಲ್ಲ. ಅವರೆಲ್ಲ ತಮ್ಮ ತಮ್ಮ ಕಸುಬನ್ನು ಮಾಡಿಕೊಂಡೇ ಬೆಂಕಿಗೆ ಬರುತ್ತಿದ್ದರು. ಬ್ರೇಡ್‌ವುಡ್ ಮುಂದೆ ಲಂಡನ್ನಿನ ದಳದ ಮುಖ್ಯಸ್ಥನಾಗಿ, 1861ರ ಟೂಲಿ ಸ್ಟ್ರೀಟಿನ ಮಹಾಗ್ನಿಯಲ್ಲಿ ಗೋಡೆ ಬಿದ್ದು ಮಡಿದನು.

ಈಗ ಕರೆ ಬಂದಿತೆಂದು ಭಾವಿಸೋಣ. ಸೊಂಟದ ಪೇಜರು ಸದ್ದು ಮಾಡಿದ ಕ್ಷಣವೇ ಬಡಗಿ ಉಳಿ ಕೆಳಗಿಡುತ್ತಾನೆ. ಸಾಮಾನ್ಯವಾಗಿ ಐದು ನಿಮಿಷಗಳೊಳಗೆ ಠಾಣೆಗೆ ಬರಬಲ್ಲಷ್ಟು ಹತ್ತಿರದಲ್ಲಿ ವಾಸವೋ ಉದ್ಯೋಗವೋ ಇರಬೇಕೆಂಬುದು ನಿಯಮ. ಇಲ್ಲಿ ಒಂದು ಸ್ವಾರಸ್ಯವಿದೆ. ಠಾಣೆಯವರೆಗೆ ಆತ ಬರುವುದು ಸ್ವಂತ ಕಾರಿನಲ್ಲಿ. ಅದಕ್ಕೆ ನೀಲಿ ದೀಪವಿಲ್ಲ, ವಿಶೇಷ ಅಧಿಕಾರವೂ ಇಲ್ಲ. ಬೆಂಕಿಗೆ ಹೊರಟವನೂ ಕೆಂಪು ದೀಪ ಕಂಡರೆ ಎಲ್ಲರಂತೆ ನಿಲ್ಲಲೇಬೇಕು. ನಮಗಂತೂ ಆ ಐದು ನಿಮಿಷಗಳಲ್ಲಿ ಅತಿ ಕಠಿಣವಾದುದು ಈ ನಿಲ್ಲುವಿಕೆಯೇ ಎನಿಸುತ್ತದೆ.

ವಾಹನ ಹೊರಡಲು ಸಾಮಾನ್ಯವಾಗಿ ಕನಿಷ್ಠ ನಾಲ್ವರು ಬೇಕು. ಹೊಗೆ ತುಂಬಿದ ಮನೆಯೊಳಗೆ ಒಬ್ಬನೇ ಹೋಗಬಾರದು. ಉಸಿರಾಟದ ಉಪಕರಣ ತೊಟ್ಟ ಇಬ್ಬರು ಜೊತೆಯಾಗಿಯೇ ಹೋಗಬೇಕು. ವಾಹನ ನಡೆಸಿದವನೇ ಪಂಪಿನ ಬಳಿ ನಿಲ್ಲುತ್ತಾನೆ. ನಾಲ್ಕನೆಯವನು ನಾಯಕ. ಐದನೆಯವನಿದ್ದರೆ ಒಳಹೋದವರ ಗಾಳಿಯ ಲೆಕ್ಕವನ್ನು ಆತನೇ ಹಿಡಿಯುತ್ತಾನೆ.

ಚಿಕ್ಕದೊಂದು ಲೆಕ್ಕ ಮಾಡಿರಿ. ವಾಹನದ ತೊಟ್ಟಿಯಲ್ಲಿರುವುದು ಸುಮಾರು 1,800 ಲೀಟರು ನೀರು. ನಿಮಿಷಕ್ಕೆ 450 ಲೀಟರು ಚಿಮ್ಮುವ ಒಂದೇ ಧಾರೆಯನ್ನು ಬಿಟ್ಟರೂ ನಾಲ್ಕು ನಿಮಿಷಕ್ಕೆ ತೊಟ್ಟಿ ಬರಿದು! ಆದ್ದರಿಂದ ಬೀದಿಯ ನೀರಿನ ಮುಖ್ಯ ಕೊಳವೆಗೆ ಜೋಡಿಸಿದ ಹೈಡ್ರಂಟನ್ನು ಬೇಗನೆ ಹುಡುಕಬೇಕು. ಅದರ ಗುರುತು ಹಳದಿ ಫಲಕದ ಮೇಲಿನ ಕಪ್ಪು ‘ಎಚ್’ ಅಕ್ಷರ. ಮೇಲಿನ ಅಂಕಿ ಕೊಳವೆಯ ವ್ಯಾಸವನ್ನೂ, ಕೆಳಗಿನದು ಹೈಡ್ರಂಟಿಗೆ ಇರುವ ದೂರವನ್ನೂ ತಿಳಿಸುತ್ತದೆ. ದಿನವೂ ಆ ಬೀದಿಯಲ್ಲೇ ನಡೆದಾಡುವವನಿಗೆ ಫಲಕ ಓದುವ ಅಗತ್ಯವೂ ಬೀಳದು.

ಇಷ್ಟು ಚೆನ್ನಾದ ವ್ಯವಸ್ಥೆಗೆ ಇಂದು ಒದಗಿರುವ ಸಂಕಟ ಯಂತ್ರದ್ದಲ್ಲ. ಹಿಂದೆ ಉದ್ಯೋಗವೂ ವಾಸವೂ ಒಂದೇ ಪಟ್ಟಣದಲ್ಲಿದ್ದವು. ಈಗ ಅನೇಕರು ಬೆಳಿಗ್ಗೆ ದೂರದ ನಗರಕ್ಕೆ ಕೆಲಸಕ್ಕೆ ಹೋಗಿ ಸಂಜೆಗೆ ಮರಳುತ್ತಾರೆ. ಲೋಕಲ್ ಗಾಡಿಯ ಊರಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಹತ್ತು ಮಂದಿ ಸಿಗುವ ಠಾಣೆಯಲ್ಲಿ ಮಂಗಳವಾರದ ಮಧ್ಯಾಹ್ನ ಮೂವರೇ ಉಳಿದಿರುವುದುಂಟು. ಊರಲ್ಲೇ ಕೆಲಸವಿದ್ದರೂ ಗಿರಾಕಿ ಎದುರಿಗಿರುವಾಗ ಆಳನ್ನು ಬಿಟ್ಟುಕೊಡುವ ಮನಸ್ಸು ಯಜಮಾನನಿಗೆ ಬೇಕು. ಬಿಟ್ಟುಕೊಟ್ಟ ಹೊತ್ತಿನ ನಷ್ಟ ಅವನದೇ. ಅಂಥ ಯಜಮಾನರ ಉಪಕಾರವನ್ನು ಯಾರೂ ಹಾಡಿ ಹೊಗಳುವುದಿಲ್ಲ, ಆದರೆ ಅವರಿಲ್ಲದೆ ಬಂಬ ಅಲುಗದು.

ಮೂವರೇ ಇದ್ದಾಗ ವಾಹನ ‘ಲಭ್ಯವಿಲ್ಲ’ ಎಂದು ನಿಯಂತ್ರಣ ಕೇಂದ್ರದಲ್ಲಿ ದಾಖಲಾಗುತ್ತದೆ. ಆಗ ಕರೆ ನೆರೆಯ ಪಟ್ಟಣಕ್ಕೆ ಹೋಗಬೇಕು, ಬೆಂಕಿಯೇನೋ ಕಾಯುವುದಿಲ್ಲ. ಆದಕಾರಣವೇ ಅನೇಕ ಠಾಣೆಗಳ ಎದುರು ಜನ ಬೇಕೆಂಬ ಫಲಕ ತೂಗುತ್ತಿರುತ್ತದೆ: ಹದಿನೆಂಟು ತುಂಬಿರಬೇಕು, ಮೈಯಲ್ಲಿ ಕಸುವಿರಬೇಕು, ಐದು ನಿಮಿಷದ ದೂರದಲ್ಲಿರಬೇಕು, ವಾರದ ದಿನಗಳಲ್ಲಿ ಹಗಲು ಹೊತ್ತು ಊರಲ್ಲೇ ಇರುವವರಾದರೆ ಇನ್ನೂ ಒಳ್ಳೆಯದು.