ಬಿಸಿಯೂಟಕ್ಕೆ ಅರ್ಜಿ ಎಲ್ಲಿ ಕೊಡಬೇಕು?

ದಾಖಲಾತಿಯ ದಿನಗಳು ಬಂದವೆಂದರೆ ಶಾಲೆಯ ಬಾಗಿಲಲ್ಲಿ ಹೊಸ ಮುಖಗಳು. ಕಟ್ಟಡದ ಕೆಲಸಕ್ಕೆಂದು ಕಲಬುರಗಿ, ರಾಯಚೂರು ಕಡೆಯಿಂದ ತುಮಕೂರಿಗೆ ಬಂದವರು, ವಸಂತನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುವವರು, ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಹೊಸದಾಗಿ ಬಾಡಿಗೆ ಮನೆ ಹಿಡಿದವರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ರೇಷನ್ ಕಾರ್ಡು, ಆಧಾರ್, ಆದಾಯ ಪ್ರಮಾಣಪತ್ರ, ಎಲ್ಲದರ ಎರಡೆರಡು ಜೆರಾಕ್ಸು. "ಊಟಕ್ಕೆ ಅರ್ಜಿ ಎಲ್ಲಿ ಕೊಡ್ಬೇಕು ಮೇಷ್ಟ್ರೇ?" ಎಂಬ ಪ್ರಶ್ನೆ.

ಅರ್ಜಿಯೇ ಇಲ್ಲ. ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಒಂದರಿಂದ ಹತ್ತನೇ ತರಗತಿಯವರೆಗೆ ಓದುವ ಮಗುವಿಗೆ ಮಧ್ಯಾಹ್ನದ ಬಿಸಿಯೂಟ ಉಂಟು. ಅಪ್ಪನ ಸಂಬಳ ಎಷ್ಟು, ಕಾರ್ಡು ಬಿಪಿಎಲ್ಲೋ ಎಪಿಎಲ್ಲೋ, ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ. ಹಾಜರಾತಿ ಪುಸ್ತಕದಲ್ಲಿ ಹೆಸರಿದ್ದರೆ ಸಾಕು. ಅನುದಾನವಿಲ್ಲದ ಖಾಸಗಿ ಶಾಲೆಗೆ ಮಾತ್ರ ಈ ಯೋಜನೆ ಅನ್ವಯಿಸದು. ಮನೆಯಲ್ಲಿ ಎಷ್ಟೇ ಬಡತನವಿರಲಿ, ಅಲ್ಲಿ ಓದುವ ಮಗುವಿಗೆ ಈ ಊಟ ಸಿಗುವುದಿಲ್ಲ. ಶಾಲೆ ಆರಿಸುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೊದಲು ಹೀಗಿರಲಿಲ್ಲ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಯೋಜನೆ ಆರಂಭಿಸಿದಾಗ ಬಹಳ ಕಡೆ ಮಕ್ಕಳಿಗೆ ಸಿಗುತ್ತಿದ್ದದ್ದು ಬೇಯಿಸಿದ ಅನ್ನವಲ್ಲ, ತಿಂಗಳಿಗೆ 3 ಕಿಲೋ ಧಾನ್ಯ. ಅದಕ್ಕೂ ಶೇ. 80 ಹಾಜರಾತಿ ಬೇಕಿತ್ತು. ಕೂಲಿಗೆ ಹೋಗುವ ತಾಯಿಯ ಬದಲು ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದ ಹುಡುಗಿಗೆ ಅಕ್ಕಿ ತಪ್ಪುತ್ತಿತ್ತು. ನಿಜವಾಗಿ ಬೇಕಿದ್ದವಳು ಅವಳೇ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ 'ಅಕ್ಷರ ದಾಸೋಹ' ಶುರುವಾಗಿ, ಮರುವರ್ಷ ತುಮಕೂರಿನಂಥ ಉಳಿದ ಜಿಲ್ಲೆಗಳಿಗೂ ಬಂತು. ಹೈಸ್ಕೂಲಿಗೆ ಬಂದದ್ದು 2007ರಲ್ಲಿ.

ಉಳ್ಳವರ ಮಕ್ಕಳಿಗೂ ಯಾಕೆ ಎಂದು ಕೆಲವರು ಕೇಳುತ್ತಾರೆ. ಇಂಗ್ಲೆಂಡನ್ನು ನೋಡಿ. ಅಲ್ಲಿ 2014ರಿಂದ ಮೊದಲ ಮೂರು ತರಗತಿಯ ಎಲ್ಲ ಮಕ್ಕಳಿಗೂ ಊಟ ಉಚಿತ. ಅದರ ಮೇಲಿನ ತರಗತಿಗಳಲ್ಲಿ, ಲಂಡನ್ನಿನಂಥ ಕೆಲವು ಕಡೆ ಬಿಟ್ಟರೆ, ಮನೆಯವರು ಸರ್ಕಾರಿ ನೆರವಿನ ಮೇಲಿದ್ದಾರೆಂದು ದೃಢಪಡಿಸಬೇಕು. ಅರ್ಹರಾಗಿದ್ದೂ ಅರ್ಜಿ ಹಾಕದೆ ಉಳಿಯುವವರು ಅಲ್ಲೂ ಇದ್ದಾರೆ. ಪುರಾವೆ ಕೇಳಿದಷ್ಟೂ ಬಡವರೇ ಹೊರಗುಳಿಯುತ್ತಾರೆ ಎಂಬುದು ನನ್ನ ಅಭಿಪ್ರಾಯ. ಸಿದ್ಧಗಂಗಾ ಮಠದ ಪಂಕ್ತಿ ನೋಡಿರುವ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಆಧಾರ್. ಬಿಸಿಯೂಟಕ್ಕೆ ಅದು ಬೇಕೆಂಬ ಅಧಿಸೂಚನೆ 2017ರಲ್ಲಿ ಬಂದು ದೊಡ್ಡ ಗಲಾಟೆಯೇ ಆಯಿತು. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಆಧಾರ್ ಇಲ್ಲವೆಂದು ಯಾವ ಮಗುವಿಗೂ ಸೌಲಭ್ಯ ನಿರಾಕರಿಸಬಾರದು ಎಂದಿತು. ಶಾಲೆಯವರು ದಾಖಲೆಗಾಗಿ ಕೇಳಬಹುದು, ಇದ್ದರೆ ಕೊಡಿ. ಇಲ್ಲದಿದ್ದರೂ ತಟ್ಟೆ ಹಿಡಿದು ಸಾಲಿನಲ್ಲಿ ಕೂರುವ ಹಕ್ಕು ಮಗುವಿಗಿದೆ. ಹಾಗೆಯೇ ಜನನ ಪತ್ರ ಇಲ್ಲವೆಂದೋ ಹಳೇ ಶಾಲೆಯ ಟಿ.ಸಿ. ತಡವಾಯಿತೆಂದೋ ದಾಖಲಾತಿ ತಡೆಯುವಂತಿಲ್ಲ; 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದಿದೆ.

ಊಟದ ಲೆಕ್ಕ ಹೇಗೆ ನಡೆಯುತ್ತದೆಂದು ಒಮ್ಮೆ ಬಂದು ನೋಡಿ. ಬೆಳಿಗ್ಗೆ ಹಾಜರಿ ಕರೆದ ಮೇಲೆ ಎಷ್ಟು ಮಕ್ಕಳಿದ್ದಾರೆಂಬ ಸಂಖ್ಯೆ ಅಡುಗೆಮನೆಗೆ ಹೋಗುತ್ತದೆ. ಐದನೇ ತರಗತಿಯವರೆಗಿನ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರರಿಂದ ಎಂಟರವರಿಗೆ 150, 30, 75. ಬಡಿಸುವ ಮೊದಲು ಶಿಕ್ಷಕರೊಬ್ಬರು ಉಂಡು ನೋಡಿ ಪುಸ್ತಕದಲ್ಲಿ ಬರೆಯಬೇಕು. ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಅಲ್ಲೇ ಒಂದು ಮಾತು ಬರುತ್ತದೆ, ಅಡುಗೆಯ ಅಕ್ಕ ಮುಖ ಸಿಂಡರಿಸುತ್ತಾರೆ, ಅದೂ ಇದ್ದದ್ದೇ. ತಾಯಂದಿರೂ ಬಂದು ರುಚಿ ನೋಡಬಹುದು. ನಿಮ್ಮನ್ನು ಕೇಳುವುದು ಒಂದೇ ಒಂದು: ಮಗು ಮೊಟ್ಟೆ ತಿನ್ನುತ್ತದೆಯೋ, ಬಾಳೆಹಣ್ಣು ಬೇಕೋ?

ಹಾಗಾದರೆ ಆ ಪ್ಲಾಸ್ಟಿಕ್ ಕವರಿಗೆ ಕೆಲಸವೇ ಇಲ್ಲವೇ? ಇದೆ, ಹಾಸ್ಟೆಲ್ಲಿಗೆ. ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾರ್ಥಿ ನಿಲಯದಲ್ಲಿ ಊಟ, ವಸತಿ ಎರಡೂ ಉಚಿತ; ಅದಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕೇ ಬೇಕು. ಹೊಸಬರು ಬಿಸಿಯೂಟ, ಹಾಸ್ಟೆಲ್ ಎರಡನ್ನೂ ಒಂದೇ ಎಂದುಕೊಂಡು ಗೊಂದಲಕ್ಕೆ ಬೀಳುತ್ತಾರೆ. ಪ್ರಮಾಣಪತ್ರ ಕೊಡುವವರು ತಹಶೀಲ್ದಾರರು. ಅರ್ಜಿ ತೆಗೆದುಕೊಳ್ಳುವುದು ನಿಮ್ಮ ಹೋಬಳಿಯ ನಾಡಕಚೇರಿ. ಗ್ರಾಮ ಆಡಳಿತಾಧಿಕಾರಿ, ಆಮೇಲೆ ಕಂದಾಯ ನಿರೀಕ್ಷಕರು ಪರಿಶೀಲಿಸಿ ಮುಂದಕ್ಕೆ ಕಳಿಸುತ್ತಾರೆ. ಕೈಗೆ ಬಂದ ಪತ್ರದಲ್ಲಿ 'ಆರ್‌ಡಿ'ಯಿಂದ ಶುರುವಾಗುವ ಉದ್ದದ ಸಂಖ್ಯೆ ಇರುತ್ತದೆ. ಹಾಸ್ಟೆಲ್ಲಿನ ಆನ್‌ಲೈನ್ ಅರ್ಜಿಯಲ್ಲಿ ಕೇಳುವುದು ಅದನ್ನೇ.

ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಆಧಾರ್‌ನಲ್ಲಿ 'ಮಂಜುನಾಥ', ಶಾಲೆಯ ದಾಖಲೆಯಲ್ಲಿ 'ಮಂಜುನಾಥ ಎಚ್.', ಆದಾಯ ಪತ್ರದಲ್ಲಿ ಬರೀ 'ಮಂಜು' ಎಂದಿದ್ದರೆ ಕಂಪ್ಯೂಟರಿಗೆ ಅವರು ಮೂವರು ಬೇರೆ ಬೇರೆ ಹುಡುಗರು. ಅರ್ಜಿ ತುಂಬುವ ಮೊದಲು ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ಆದಾಯದ ಮಿತಿ ಎಲ್ಲ ವರ್ಗಕ್ಕೂ ಒಂದೇ ಅಲ್ಲ. ಆ ವರ್ಷದ ಪ್ರಕಟಣೆಯನ್ನು ತಾಲೂಕು ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಪಕ್ಕದ ಮನೆಯವರ ಮಾತು ನಂಬಿ ಆದಾಯ ಕಡಿಮೆ ಬರೆಸಲು ಹೋಗಬೇಡಿ.

ಶಾಲೆಯಲ್ಲಿ ಊಟ ನಿಂತರೆ ಮೊದಲು ಮುಖ್ಯ ಶಿಕ್ಷಕರಿಗೆ, ಆಮೇಲೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ಹೇಳಿ. ಅಲ್ಲೂ ಆಗದಿದ್ದರೆ ತಾಲೂಕು ಪಂಚಾಯಿತಿಯ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಲಿಖಿತವಾಗಿ ಕೊಡಿ. 2015ರ ನಿಯಮದ ಪ್ರಕಾರ, ಊಟ ಕೊಡದ ಶಾಲಾ ದಿನಕ್ಕೆ ಧಾನ್ಯ ಮತ್ತು ಅಡುಗೆ ವೆಚ್ಚವನ್ನು ಆಹಾರ ಭದ್ರತಾ ಭತ್ಯೆಯಾಗಿ ಮಗುವಿಗೆ ಕೊಡಬೇಕು.

ಆದಾಯ ಪ್ರಮಾಣಪತ್ರಕ್ಕೆ ಐದೇ ವರ್ಷ ಆಯುಸ್ಸು. ಹಾಸ್ಟೆಲ್ ಬೇಕೆನ್ನುವವರು ಜೂನ್‌ವರೆಗೆ ಕಾಯದೆ, ನಿಮ್ಮ ಪತ್ರದ ಮೇಲಿನ ದಿನಾಂಕವನ್ನು ಈಗಲೇ ತೆಗೆದು ನೋಡಿ.